ನಿಮಗಿದು ಗೊತ್ತೇ? ಬಳಗವೇ ಬೇರೆ, ಚಿಕಿತ್ಸೆಯೇ ಬೇರೆ

ಒಂದು ಕೋಣೆ. ದುಂಡಗೆ ಹಾಕಿದ ಹತ್ತು ಕುರ್ಚಿ. ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಬಾಗಿಲಲ್ಲಿ ನಿಂತು ನೋಡಿದವರಿಗೆ ಎಲ್ಲವೂ ‘ಗ್ರೂಪ್ ಥೆರಪಿ’ಯೇ. ಆದರೆ ಒಂದೇ ಕಷ್ಟ ಉಂಡವರು ತಾವೇ ಸೇರಿ ನಡೆಸಿಕೊಳ್ಳುವ ಬೆಂಬಲ ಬಳಗ ಬೇರೆ. ತರಬೇತಿ ಪಡೆದ ಚಿಕಿತ್ಸಕರು ನಡೆಸುವ ಗುಂಪು ಚಿಕಿತ್ಸೆ ಬೇರೆ. ವ್ಯತ್ಯಾಸ ತಿಳಿಯದೆ ಹೋದವರು ಒಂದು ಕಡೆ ಸಿಗುವುದನ್ನು ಇನ್ನೊಂದು ಕಡೆ ಹುಡುಕುತ್ತಾರೆ, ಸಿಗದಿದ್ದಾಗ ‘ಇದೆಲ್ಲ ನಮಗಾಗದು’ ಎಂದು ಎರಡನ್ನೂ ಬಿಡುತ್ತಾರೆ. ಹಾಗಾಗದಿರಲಿ ಎಂದು ಈ ಸಂಗತಿಗಳು.

ಸರದಿ ಯಾರದು?

● ಎರಡನ್ನೂ ಗುರುತಿಸಲು ಒಂದು ಸುಲಭ ದಾರಿಯಿದೆ: ನಡೆಸಿಕೊಡುವವರ ಸರದಿ ಬರುತ್ತದೆಯೇ ನೋಡಿ. ಬೆಂಬಲ ಬಳಗದಲ್ಲಿ ಅವರೂ ಅದೇ ಕಷ್ಟ ಉಂಡವರು. ತಮ್ಮ ಸರದಿ ಬಂದಾಗ ತಮ್ಮ ಕಥೆ ಹೇಳುತ್ತಾರೆ, ಕೆಲವೊಮ್ಮೆ ಅಳುತ್ತಾರೆ. ಗುಂಪು ಚಿಕಿತ್ಸೆಯಲ್ಲಿ ಚಿಕಿತ್ಸಕರ ಸರದಿ ಬರುವುದೇ ಇಲ್ಲ. ಆ ಹೊತ್ತು ಪೂರ್ತಿಯಾಗಿ ಬಂದವರದು.

● ಬಳಗಕ್ಕೆ ಸೇರಲು ಚೀಟಿ ಬೇಡ, ಪರೀಕ್ಷೆ ಬೇಡ. ‘ಆಲ್ಕೊಹಾಲಿಕ್ಸ್ ಅನಾನಿಮಸ್’ಗೆ, ಅಂದರೆ ಎ.ಎ.ಗೆ ಸೇರಲು ಇರುವ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಆಸೆ. ಗುಂಪು ಚಿಕಿತ್ಸೆಯಲ್ಲಿ ಹಾಗಲ್ಲ. ಸಾಮಾನ್ಯವಾಗಿ ಚಿಕಿತ್ಸಕರು ಮೊದಲೇ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಮಾತಾಡುತ್ತಾರೆ. ಈ ಗುಂಪು ಇವರಿಗೆ ಹೊಂದುತ್ತದೆಯೇ, ಇವರು ಈ ಗುಂಪಿಗೆ ಹೊಂದುತ್ತಾರೆಯೇ ಎಂದು ತೂಗಿ ನೋಡುತ್ತಾರೆ.

● ಗುಂಪು ಚಿಕಿತ್ಸೆಯ ಪಠ್ಯಪುಸ್ತಕವೆಂದೇ ಹೆಸರಾದ ಗ್ರಂಥವನ್ನು ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ 1970ರಲ್ಲಿ ಪ್ರಕಟಿಸಿದರು. ಇಂಥ ಗುಂಪಿಗೆ ಏಳೆಂಟು ಜನ ಹದವಾದ ಸಂಖ್ಯೆ ಎನ್ನುವುದು ಅವರ ಲೆಕ್ಕ. ಅದಕ್ಕಿಂತ ತೀರಾ ಕಡಿಮೆಯಾದರೆ ಒಡನಾಟ ಸೊರಗುತ್ತದೆ. ತೀರಾ ಹೆಚ್ಚಾದರೆ ಒಬ್ಬೊಬ್ಬರಿಗೆ ಸಿಗುವ ಹೊತ್ತು ಸಾಲದು. ಬೆಂಬಲ ಬಳಗಕ್ಕೆ ಈ ಕಟ್ಟು ಇಲ್ಲ. ಮಳೆ ಬಂದ ದಿನ ಮೂವರು, ಮರುವಾರ ಮೂವತ್ತು ಮಂದಿ. ಬಾಗಿಲು ತೆರೆದೇ ಇರುತ್ತದೆ.

● ಎ.ಎ. ಮೀಟಿಂಗ್‌ನಲ್ಲಿ ಒಬ್ಬರು ‘ಶೇರಿಂಗ್’ ಮಾಡುವಾಗ ಅಡ್ಡಮಾತು ಆಡುವಂತಿಲ್ಲ ಎನ್ನುವ ರೂಢಿ ಬಹಳ ಕಡೆ ಇದೆ. ಯಾರೂ ತಿದ್ದುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೆ. ಮಾತುಕತೆಯ ಗುಂಪು ಚಿಕಿತ್ಸೆಯಲ್ಲಿ ಆ ಅಡ್ಡಮಾತೇ ಔಷಧ. ‘ನೀವು ಹಾಗೆಂದಾಗ ನನಗೆ ಸಿಟ್ಟು ಬಂತು’ ಎಂದು ಒಬ್ಬರು ಹೇಳಿದರೆ, ಚಿಕಿತ್ಸಕರು ಅಲ್ಲೇ ನಿಲ್ಲಿಸಿ ಆ ಸಿಟ್ಟಿನ ಬೇರು ಹುಡುಕಲು ಇಬ್ಬರಿಗೂ ನೆರವಾಗುತ್ತಾರೆ.

● ಬಳಗದವರು ಫೋನ್ ನಂಬರ್ ಹಂಚಿಕೊಳ್ಳುತ್ತಾರೆ. ಎ.ಎ.ಯಲ್ಲಿ ಹೊಸಬರಿಗೆ ಹಳಬರೊಬ್ಬರು ‘ಸ್ಪಾನ್ಸರ್’ ಆಗುತ್ತಾರೆ. ಕುಡಿಯಬೇಕು ಅನ್ನಿಸಿದಾಗ ರಾತ್ರಿ ಎರಡು ಗಂಟೆಗೂ ಅವರಿಗೆ ಕರೆ ಮಾಡಬಹುದು. ಗುಂಪು ಚಿಕಿತ್ಸೆಯ ಹಲವು ಪದ್ಧತಿಗಳಲ್ಲಿ, ಚಿಕಿತ್ಸೆ ನಡೆಯುವಷ್ಟು ಕಾಲ ಹೊರಗಡೆ ಗೆಳೆತನ ಬೆಳೆಸಬೇಡಿ ಎಂದು ಮೊದಲೇ ಹೇಳಿರುತ್ತಾರೆ. ಹೊರಗೆ ಕಟ್ಟಿಕೊಂಡ ಗುಟ್ಟು, ಒಳಗೆ ಎಲ್ಲರೆದುರು ಆಡಬೇಕಾದ ಮಾತನ್ನು ನುಂಗಿಬಿಡುತ್ತದೆ ಎನ್ನುವುದು ಕಾರಣ.

● ಗುಟ್ಟು ಕಾಯುವ ಬಗೆಯೂ ಬೇರೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ಚಿಕಿತ್ಸಕರಿಗೆ ವೃತ್ತಿಧರ್ಮ. ತಪ್ಪಿದರೆ ದೂರು ಕೊಡಬಹುದು. ಬಳಗದಲ್ಲಿ ಅಂಥ ಕಟ್ಟಳೆ ಇಲ್ಲ, ಇರುವುದು ಪರಸ್ಪರ ನಂಬಿಕೆ. ‘ಇಲ್ಲಿ ಕೇಳಿದ್ದು ಇಲ್ಲೇ ಇರಲಿ’ ಎನ್ನುವ ಮಾತನ್ನು ಎ.ಎ. ಸಭೆಗಳಲ್ಲಿ ಮತ್ತೆ ಮತ್ತೆ ನೆನಪಿಸುವುದು ಅದಕ್ಕಾಗಿ.

ಚಿಕಿತ್ಸೆ ಹುಟ್ಟಿದ ಬಗೆ

● ಗುಂಪು ಚಿಕಿತ್ಸೆಯ ಮೊದಲ ಹೆಜ್ಜೆ ಮೂಡಿದ್ದು ಕ್ಷಯರೋಗಿಗಳ ನಡುವೆ! 1905ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಪ್ರಾಟ್, ಸ್ಯಾನಟೋರಿಯಂ ಖರ್ಚು ಭರಿಸಲಾಗದ ಬಡ ಕ್ಷಯರೋಗಿಗಳಿಗಾಗಿ ವಾರಕ್ಕೊಂದು ‘ತರಗತಿ’ ತೆರೆದರು. ಗಾಳಿ ಬೆಳಕು, ವಿಶ್ರಾಂತಿ, ಊಟದ ಪಾಠ ಹೇಳುವುದಷ್ಟೇ ಉದ್ದೇಶ. ಪ್ರತಿಯೊಬ್ಬರೂ ದಿನಚರಿ ಬರೆದು ತರಬೇಕಿತ್ತು. ತೂಕ ಹೆಚ್ಚಿದವರನ್ನು ಕಂಡು ಉಳಿದವರ ಮುಖ ಅರಳುವುದನ್ನು ಪ್ರಾಟ್ ಗಮನಿಸಿದರು. ಒಂದೇ ಕಾಯಿಲೆಯವರು ಒಟ್ಟಿಗೆ ಕೂರುವುದರಲ್ಲೇ ಬಲವಿದೆ ಎಂದು ಅವರಿಗೆ ಹೊಳೆದದ್ದು ಆಗ.

● ‘ಗುಂಪು ಚಿಕಿತ್ಸೆ’ ಎನ್ನುವ ಹೆಸರನ್ನು 1930ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಮನೋವೈದ್ಯ ಜೇಕಬ್ ಮೊರೆನೊ. ಕಷ್ಟವನ್ನು ಬಾಯಲ್ಲಿ ಹೇಳುವ ಬದಲು ಎದ್ದು ನಿಂತು ಅಭಿನಯಿಸಿ ತೋರಿಸುವ ‘ಸೈಕೊಡ್ರಾಮಾ’ ಕೂಡ ಅವರದೇ ಕೊಡುಗೆ.

● ಅದೇ ಮೊರೆನೊ ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1913ರ ಸುಮಾರಿಗೆ, ವಿಯೆನ್ನಾದ ವೇಶ್ಯೆಯರನ್ನು ಎಂಟು ಹತ್ತು ಮಂದಿಯ ಗುಂಪುಗಳಾಗಿ ಕೂರಿಸಿ ಮಾತಿಗೆಳೆಯುತ್ತಿದ್ದರು. ಮೊದಮೊದಲು ಕಾಯಿಲೆ, ಪೊಲೀಸ್ ಕಾಟದ ಮಾತಷ್ಟೇ. ದಿನ ಕಳೆದಂತೆ ಆ ಹೆಂಗಸರು ಒಬ್ಬರಿಗೊಬ್ಬರು ಆಸರೆಯಾದರು, ಆಪತ್ತಿಗೆಂದು ತಾವೇ ಚಿಲ್ಲರೆ ಕೂಡಿಸಿಡತೊಡಗಿದರು ಎಂದು ಮೊರೆನೊ ಬರೆದುಕೊಂಡಿದ್ದಾರೆ. ಗುಂಪು ಚಿಕಿತ್ಸೆಗೆ ಹೆಸರಿಟ್ಟವರ ಕಣ್ಣೆದುರಿಗೇ ಒಂದು ಬೆಂಬಲ ಬಳಗ ಮೊಳೆತಿತ್ತು.

● ಗುಂಪು ಚಿಕಿತ್ಸೆಗೆ ದೊಡ್ಡ ತಿರುವು ಕೊಟ್ಟದ್ದು ಎರಡನೇ ಮಹಾಯುದ್ಧ. ಮನಸ್ಸು ಜರ್ಜರಿತವಾದ ಸೈನಿಕರು ಸಾವಿರಾರು, ಮನೋವೈದ್ಯರು ಬೆರಳೆಣಿಕೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ವಿಲ್‌ಫ್ರೆಡ್ ಬಿಯಾನ್ ಮತ್ತು ಜಾನ್ ರಿಕ್‌ಮನ್ ಗುಂಪಿನ ಮೂಲಕವೇ ಗುಣಪಡಿಸುವ ಪ್ರಯೋಗ ಮಾಡಿದರು. ಆರು ವಾರಕ್ಕೇ ಅದನ್ನು ನಿಲ್ಲಿಸಲಾಯಿತು. ಆದರೂ ಇಂದಿನ ಗುಂಪು ಚಿಕಿತ್ಸೆಯ ಬಹಳಷ್ಟು ತಿಳಿವಳಿಕೆಯ ಮೂಲ ಅಲ್ಲಿದೆ.

● ಅದೇ ಆಸ್ಪತ್ರೆಯಲ್ಲಿ ಮುಂದೆ ಕೆಲಸ ಮಾಡಿದ ಎಸ್.ಎಚ್. ಫೌಲ್ಕ್ಸ್, ಗುಂಪು ನಡೆಸುವ ಚಿಕಿತ್ಸಕರಿಗೆ ‘ಕಂಡಕ್ಟರ್’ ಎಂದು ಹೆಸರಿಟ್ಟರು. ಬಸ್ಸಿನ ಕಂಡಕ್ಟರ್ ಅಲ್ಲ, ವಾದ್ಯವೃಂದದ ಮುಂದೆ ಕೋಲು ಹಿಡಿದು ನಿಲ್ಲುವವರು. ತಾವು ವಾದ್ಯ ನುಡಿಸುವುದಿಲ್ಲ, ನುಡಿಸುವವರೆಲ್ಲರ ಮೇಲೂ ಕಿವಿ ಇರುತ್ತದೆ.

ಬಳಗ ಹುಟ್ಟಿದ ಬಗೆ

● 1935ರ ಮೇ ತಿಂಗಳು, ಅಮೆರಿಕದ ಏಕ್ರನ್ ಪಟ್ಟಣ. ಕುಡಿತ ಬಿಟ್ಟು ಐದೇ ತಿಂಗಳಾಗಿದ್ದ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ವ್ಯಾಪಾರದಲ್ಲಿ ಸೋತು ಹೋಟೆಲಿನಲ್ಲಿ ನಿಂತಿದ್ದರು. ಪಕ್ಕದಲ್ಲೇ ಬಾರ್. ಒಳಗೆ ಕಾಲಿಡುವ ಬದಲು ಅವರು ಫೋನ್ ಎತ್ತಿಕೊಂಡು, ಮಾತಾಡಲು ಇನ್ನೊಬ್ಬ ಕುಡುಕ ಬೇಕೆಂದು ಊರೆಲ್ಲ ವಿಚಾರಿಸಿದರು. ಸಿಕ್ಕವರು ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂಬ ಷರತ್ತಿನ ಮೇಲೆ ಬಂದ ಡಾಕ್ಟರು ಆರು ಗಂಟೆಗೂ ಹೆಚ್ಚು ಕಾಲ ಕೂತರು. ಎ.ಎ. ಹುಟ್ಟಿದ್ದು ಆ ಭೇಟಿಯಿಂದ.

● ಗಮನಿಸಿ: ಡಾ. ಬಾಬ್ ಶಸ್ತ್ರಚಿಕಿತ್ಸಕರು. ಮದ್ಯ ದೇಹಕ್ಕೆ ಏನು ಮಾಡುತ್ತದೆಂದು ಎದುರಿಗೆ ಕೂತ ಬಿಲ್‌ಗಿಂತ ಚೆನ್ನಾಗಿ ಬಲ್ಲವರು. ಆ ಕೋಣೆಯಲ್ಲಿ ಡಾಕ್ಟರ್ ಇದ್ದರು, ಆದರೆ ಡಾಕ್ಟರಾಗಿ ಕೂತಿರಲಿಲ್ಲ. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

● ಎ.ಎ.ಗೂ ಸುಮಾರು ನೂರು ವರ್ಷ ಮೊದಲೇ ಇಂಥದೊಂದು ಬಳಗವಿತ್ತು. 1840ರಲ್ಲಿ ಬಾಲ್ಟಿಮೋರಿನ ಮದ್ಯದಂಗಡಿಯೊಂದರಲ್ಲಿ ಕುಡಿಯುತ್ತ ಕೂತಿದ್ದ ಆರು ಮಂದಿ ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ ‘ವಾಷಿಂಗ್ಟೋನಿಯನ್’ ಚಳವಳಿ ಕಟ್ಟಿದರು. ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಆಮೇಲೆ ರಾಜಕೀಯ, ಪಾನನಿಷೇಧ ಎಂದು ಹತ್ತು ಜಗಳಗಳಿಗೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಚದುರಿತು. ಹೊರಗಿನ ಯಾವ ವಿವಾದದಲ್ಲೂ ಬಾಯಿ ಹಾಕಬಾರದೆಂಬ ನಿಯಮವನ್ನು ಎ.ಎ. ಇಂದಿಗೂ ಪಾಲಿಸುತ್ತದೆ.

● ಕೋಟ್ಯಧಿಪತಿ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಬಳಿ ಎ.ಎ.ಯ ಮೊದಲಿಗರು ದೊಡ್ಡ ಮೊತ್ತ ಬಯಸಿ ಹೋದಾಗ ಅವರು ಕೊಟ್ಟದ್ದು 5,000 ಡಾಲರ್ ಮಾತ್ರ. ಹಣ ಹೆಚ್ಚಾದರೆ ಈ ಕೆಲಸ ಕೆಡುತ್ತದೆ ಎನ್ನುವುದು ಅವರ ನಿಲುವು. ಇವತ್ತಿಗೂ ಎ.ಎ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಸದಸ್ಯರು ಕೈಲಾದಷ್ಟು ಹಾಕಿದ ಕಾಸಿನಲ್ಲೇ ಬಾಡಿಗೆ, ಚಹಾ ಎಲ್ಲ. ಗುಂಪು ಚಿಕಿತ್ಸೆಗಾದರೆ ಶುಲ್ಕವಿರುತ್ತದೆ, ಇಲ್ಲವೇ ಆಸ್ಪತ್ರೆ ಆ ವೆಚ್ಚ ಹೊರುತ್ತದೆ.

● 1952ರಲ್ಲಿ ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡ ಅಮೆರಿಕದ ಟೆರೀಸ್ ಲ್ಯಾಸರ್ ಎಂಬ ಗೃಹಿಣಿ, ಅದೇ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ಹೆಂಗಸರನ್ನು ಹುಡುಕಿಕೊಂಡು ಹೋಗತೊಡಗಿದರು. ಕೈ ಎತ್ತುವುದು ಹೇಗೆ, ಬಟ್ಟೆ ಹೊಂದಿಸಿಕೊಳ್ಳುವುದು ಹೇಗೆ ಎಂದು ತೋರಿಸಿಕೊಟ್ಟರು. ‘ರೀಚ್ ಟು ರಿಕವರಿ’ ಎಂಬ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು.

● ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ದನಿ ಕೇಳಿಸುವವರ ಬಳಗವೂ ಇದೆ. ನೆದರ್‌ಲೆಂಡ್ಸ್‌ನ ಮನೋವೈದ್ಯ ಮಾರಿಯಸ್ ರೋಮೆ 1987ರಲ್ಲಿ ತಮ್ಮ ರೋಗಿ ಪ್ಯಾಟ್ಸಿ ಹೇಗ್ ಜೊತೆ ಟಿ.ವಿ. ಕಾರ್ಯಕ್ರಮದಲ್ಲಿ ಕೂತು, ಇಂಥ ಅನುಭವ ಇರುವವರು ಸಂಪರ್ಕಿಸಿ ಎಂದರು. ನೂರಾರು ಮಂದಿ ಸ್ಪಂದಿಸಿದರು. ಅಲ್ಲಿಂದ ಹಬ್ಬಿದ ಬಳಗಗಳಲ್ಲಿ ‘ಆ ದನಿ ನಿನ್ನ ಭ್ರಮೆ’ ಎಂದು ಬಾಯಿ ಮುಚ್ಚಿಸುವವರು ಇಲ್ಲ, ‘ಏನು ಹೇಳುತ್ತದೆ? ಯಾವಾಗ ಬರುತ್ತದೆ?’ ಎಂದು ಕೇಳುತ್ತಾರೆ.

ನಮ್ಮ ನೆಲದಲ್ಲಿ

● 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್, ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಎಲ್ಲರನ್ನೂ ಸೇರಿಸಿ ಕೂರಿಸಿಕೊಂಡು ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ರೋಗಿಯನ್ನು ಬಿಟ್ಟು ಹೋಗುತ್ತಿದ್ದ ಕುಟುಂಬಗಳು ಕರೆದುಕೊಂಡು ಹೋಗಲು ಕಲಿತವು. ಮನೆಯವರನ್ನು ಚಿಕಿತ್ಸೆಯ ಒಳಗೆ ತರುವ ಈ ದಾರಿಯನ್ನು ಮುಂದೆ ವೆಲ್ಲೂರು, ಬೆಂಗಳೂರಿನ ಸಂಸ್ಥೆಗಳೂ ಹಿಡಿದವು.

● ಭಾರತದಲ್ಲಿ ಎ.ಎ. ಬೇರೂರಿದ್ದು 1957ರಲ್ಲಿ. ಇಂದು ಜಗತ್ತಿನ ಸುಮಾರು 180 ದೇಶಗಳಲ್ಲಿ ಅದರ ಗುಂಪುಗಳಿವೆ. ಕುಡಿಯುವವರ ಮನೆಯವರಿಗೆಂದೇ ಇರುವ ‘ಅಲ್-ಅನಾನ್’ ಬಳಗವನ್ನು 1951ರಲ್ಲಿ ಕಟ್ಟಿದವರಲ್ಲಿ ಬಿಲ್ ಅವರ ಪತ್ನಿ ಲೋಯಿಸ್ ಒಬ್ಬರು. ಕುಡಿದವನಷ್ಟೇ ಅಲ್ಲ, ಬಾಗಿಲು ತೆರೆಯಲು ರಾತ್ರಿಯೆಲ್ಲ ಕಾದವಳಿಗೂ ಒಂದು ಕುರ್ಚಿ ಬೇಕು.

● ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿ ಪಟ್ಟಣಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುವುದನ್ನು ನೀವು ಕಂಡಿರಬಹುದು. ಸಾಮಾನ್ಯವಾಗಿ ಎಂಟು ದಿನದ ಶಿಬಿರ. ಆದರೆ ನಿಜವಾದ ಪರೀಕ್ಷೆ ಶುರುವಾಗುವುದು ಒಂಬತ್ತನೇ ದಿನ, ಹಳೆಯ ದಾರಿ, ಹಳೆಯ ಗೆಳೆಯರು, ಅದೇ ಅಂಗಡಿ. ಅದಕ್ಕೇ ಕುಡಿತ ಬಿಟ್ಟವರು ಊರಿನಲ್ಲಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಸೇರುತ್ತಾರೆ. ಶಿಬಿರದಲ್ಲಿ ಹಿಡಿದ ಪಟ್ಟನ್ನು ಊರಿನಲ್ಲಿ ಉಳಿಸಿಕೊಡುವುದು ಈ ಬಳಗ.

● ತೊದಲು ಇರುವವರ ಮುಂದೆ ಎರಡೂ ದಾರಿಗಳಿವೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರು ಉಸಿರು, ಉಚ್ಚಾರ, ಮಾತಿನ ವೇಗದ ಮೇಲೆ ಕೆಲಸ ಮಾಡಿಸುತ್ತಾರೆ. ತೊದಲುವವರೇ ಕಟ್ಟಿಕೊಂಡ ‘ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್’ನ ಗುಂಪುಗಳಲ್ಲಿ ಸಿಗುವುದು ಬೇರೆಯದೇ: ಎಷ್ಟು ಹೊತ್ತು ತೊದಲಿದರೂ ನಡುವೆ ಬಾಯಿ ಹಾಕಿ ವಾಕ್ಯ ಮುಗಿಸಿಕೊಡದ ಜನ.

● ಬೆಂಗಳೂರಿನ ‘ಅಮೆಂಡ್’ ಮನೋರೋಗಿಗಳ ಕುಟುಂಬದವರೇ ಕಟ್ಟಿಕೊಂಡ ಸಂಘ. ‘ನಾವು ಹೋದ ಮೇಲೆ ನಮ್ಮ ಮಗುವನ್ನು ನೋಡುವವರು ಯಾರು?’ ಎನ್ನುವುದು ಇಂಥ ಪ್ರತಿ ತಂದೆತಾಯಿಯ ಎದೆಯಲ್ಲಿರುವ ಪ್ರಶ್ನೆ. ಅದೇ ಪ್ರಶ್ನೆ ಹೊತ್ತ ಇನ್ನೊಬ್ಬ ತಾಯಿಯ ಮುಂದೆ ಅದನ್ನು ಆಡಲು ಪೀಠಿಕೆ ಬೇಕಿಲ್ಲ.

● ನಮ್ಮಲ್ಲೊಂದು ಹೆಸರಿನ ಗೊಂದಲವಿದೆ. ಇಂಥ ಬಳಗಗಳಿಗೆ ‘ಸ್ವಸಹಾಯ ಗುಂಪು’ ಎಂದರೆ, ಕೇಳಿದವರು ಉಳಿತಾಯ ಮತ್ತು ಸಾಲದ ಮಹಿಳಾ ಸಂಘ ಎಂದುಕೊಳ್ಳುತ್ತಾರೆ. ನೋವು ಹಂಚಿಕೊಳ್ಳುವ ಗುಂಪಿಗೆ ‘ಬೆಂಬಲ ಬಳಗ’ ಎನ್ನುವುದೇ ಸ್ಪಷ್ಟ.

ಫಲ ಎಷ್ಟು?

● ನೆರವಾಗುವವರಿಗೇ ಹೆಚ್ಚು ನೆರವಾಗುತ್ತದೆ! 1965ರಲ್ಲಿ ಫ್ರ್ಯಾಂಕ್ ರೀಸ್‌ಮನ್ ಎಂಬ ವಿದ್ವಾಂಸರು ಇದನ್ನೊಂದು ತತ್ವವಾಗಿ ಮುಂದಿಟ್ಟರು. ‘ನನ್ನಿಂದಲೂ ಒಬ್ಬರಿಗೆ ಉಪಕಾರವಾಯಿತು’ ಎಂಬ ಭಾವ ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುತ್ತದೆ. ಯಾಲೊಮ್ ಪಟ್ಟಿ ಮಾಡಿದ ಗುಂಪು ಚಿಕಿತ್ಸೆಯ 11 ಗುಣಕಾರಿ ಅಂಶಗಳಲ್ಲೂ ಇದು ಒಂದು.

● ಮದ್ಯವ್ಯಸನದ ಬಗ್ಗೆ 2020ರಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 27 ಅಧ್ಯಯನಗಳನ್ನು, ಅದರೊಳಗಿನ 10,565 ಮಂದಿಯ ವಿವರಗಳನ್ನು ಒಟ್ಟಿಗೆ ತೂಗಿ ನೋಡಿತು. ಚಿಕಿತ್ಸಕರು ನಿಗದಿತ ಕ್ರಮದಲ್ಲಿ ರೋಗಿಯನ್ನು ಕೈಹಿಡಿದು ಎ.ಎ. ಮೀಟಿಂಗ್‌ಗೆ ಸೇರಿಸುವ ವಿಧಾನ, ಪೂರ್ತಿಯಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿತ್ತು. ಕಳಿಸಿಕೊಟ್ಟದ್ದು ಚಿಕಿತ್ಸೆ, ಹಿಡಿದಿಟ್ಟದ್ದು ಬಳಗ.

● ಸ್ತನ ಕ್ಯಾನ್ಸರ್ ಹರಡಿದ 86 ಮಹಿಳೆಯರ ಮೇಲೆ ನಡೆದ 1989ರ ಅಧ್ಯಯನದಲ್ಲಿ, ಗುಂಪು ಚಿಕಿತ್ಸೆಗೆ ಬಂದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದ್ದು ದೊಡ್ಡ ಸುದ್ದಿಯಾಯಿತು. 2001ರಲ್ಲಿ 235 ಮಹಿಳೆಯರ ಮೇಲೆ ಮತ್ತೆ ಪರೀಕ್ಷಿಸಿದಾಗ ಆಯುಸ್ಸು ಹೆಚ್ಚಲಿಲ್ಲ. ಆದರೆ ನೋವಿನ ಬಾಧೆ ತಗ್ಗಿತು, ಮನಸ್ಸು ಹಗುರಾಯಿತು. ಗುಂಪಿನಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಳಿದ ದಿನಗಳು ಸಹನೀಯವಾಗುತ್ತವೆ ಎಂದರೆ ನಂಬಿ.

● ಚಿಕಿತ್ಸೆ ಎಂದರೆ ಬಿಳಿ ಕೋಟೇ ಬೇಕೆಂದಿಲ್ಲ. ಉಗಾಂಡದ 30 ಹಳ್ಳಿಗಳಲ್ಲಿ ಖಿನ್ನತೆಯ ಬಗ್ಗೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವಾರ ತರಬೇತಿ ಪಡೆದ ಸ್ಥಳೀಯರೇ 16 ವಾರ ಗುಂಪು ಚಿಕಿತ್ಸೆ ನಡೆಸಿದರು. ಕೊನೆಯಲ್ಲಿ ಖಿನ್ನತೆ ಉಳಿದದ್ದು ಚಿಕಿತ್ಸೆ ಪಡೆದವರಲ್ಲಿ ಶೇ. 6.5ರಷ್ಟು ಮಂದಿಗೆ, ಪಡೆಯದವರಲ್ಲಿ ಶೇ. 54.7ರಷ್ಟು ಮಂದಿಗೆ. ಅದನ್ನು ಚಿಕಿತ್ಸೆಯಾಗಿಸಿದ್ದು ತರಬೇತಿ, ಕ್ರಮ ಮತ್ತು ಮೇಲ್ವಿಚಾರಣೆ.

ಹೋಗುವ ಮುನ್ನ

● ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಆ ಹೊತ್ತಿಗೆ ಮೀಟಿಂಗ್ ಸಾಲದು, ಆಸ್ಪತ್ರೆ ಬೇಕು. ಸಾಯಬೇಕೆಂಬ ಯೋಚನೆ ಕಾಡುತ್ತಿದ್ದರೂ ಅಷ್ಟೇ. ಮೊದಲು ವೈದ್ಯರು, ಜೊತೆಗೆ ಬಳಗ.

● ಬಳಗದಲ್ಲಿ ಯಾರಾದರೂ ‘ನಾನು ಮಾತ್ರೆ ಬಿಟ್ಟೆ, ನೀನೂ ಬಿಡು’ ಎಂದರೆ ಕೇಳಬೇಡಿ. ಯಾವ ಸದಸ್ಯರೂ ಇನ್ನೊಬ್ಬರಿಗೆ ಡಾಕ್ಟರಾಗಬಾರದು ಎಂದು ಎ.ಎ. ತನ್ನ ಕಿರುಹೊತ್ತಿಗೆಯಲ್ಲೇ ಹೇಳಿದೆ. ಒಳ್ಳೆಯ ಬಳಗಕ್ಕೆ ತನ್ನ ಎಲ್ಲೆ ಗೊತ್ತಿರುತ್ತದೆ.

● ಸೇರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ನಡೆಸುವವರು ಯಾರು, ಅವರ ತರಬೇತಿ ಏನು? ಎಷ್ಟು ವಾರ? ಹಣ ಎಷ್ಟು? ಇಲ್ಲಿ ಆಡಿದ ಮಾತು ಎಲ್ಲಿಯವರೆಗೆ ಹೋಗುತ್ತದೆ? ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಆ ಬಾಗಿಲು ನಿಮ್ಮದಲ್ಲ.

● ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

● ಕೊನೆಯದಾಗಿ, ಏಕ್ರನ್ ಕಥೆಯ ಹಿಂದಿನ ಅಧ್ಯಾಯ. 1934ರ ಡಿಸೆಂಬರಿನಲ್ಲಿ ಬಿಲ್ ವಿಲ್ಸನ್ ಕುಡಿತ ಬಿಟ್ಟದ್ದು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ಹಾಸಿಗೆಯ ಮೇಲೆ, ಡಾ. ವಿಲಿಯಂ ಸಿಲ್ಕ್‌ವರ್ತ್ ಅವರ ಆರೈಕೆಯಲ್ಲಿ. ಕುಡಿತ ಒಂದು ಕಾಯಿಲೆ ಎಂದು ಬಿಲ್‌ಗೆ ಮನಗಾಣಿಸಿದವರು ಈ ಡಾಕ್ಟರೇ. ಆ ಚಿಕಿತ್ಸೆ ಇಲ್ಲದಿದ್ದರೆ ಬಿಲ್ ಏಕ್ರನ್‌ವರೆಗೆ ಬರುತ್ತಿರಲಿಲ್ಲ, ಏಕ್ರನ್ನಿನಲ್ಲಿ ಡಾ. ಬಾಬ್ ಎದುರಿಗೆ ಕೂರದಿದ್ದರೆ ಅವರು ಬಾರ್ ಕಡೆಗೇ ನಡೆಯುತ್ತಿದ್ದರೇನೋ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬೇಕಿದ್ದರೆ, ಎರಡೂ ಬಾಗಿಲು ತಟ್ಟಿ.